ಕಿತ್ತಳೆ ಬೆಳಕಿನ ಗೋಡೆ

ಮಧ್ಯಾಹ್ನದ ಊಟ ಮುಗಿದು, ಪಾತ್ರೆಗಳು ಮಗುಚಿಕೊಂಡು, ಮನೆ ಸ್ವಲ್ಪ ತೂಕಡಿಸತೊಡಗಿದಾಗ ಹೊಲಿಗೆ ಕೋಣೆಯ ಗೋಡೆಗೆ ಬಣ್ಣ ಬರುತ್ತಿತ್ತು.

ಯಾರೂ ಬಳಿದ ಬಣ್ಣವಲ್ಲ. ಆ ಕೋಣೆಗೆ ಪಡುವಣಕ್ಕೆ ಒಂದೇ ಕಿಟಕಿ. ಅದರ ದಂಡೆಯ ಮೇಲೆ, ದಂಡೆ ಸಾಲದೆ ಅಡ್ಡಕ್ಕೆ ಹೊಡೆದ ಎರಡು ಹಲಗೆಗಳ ಮೇಲೆ, ಬಾಟಲಿಗಳು ಸಾಲಾಗಿ ನಿಂತಿದ್ದವು. ಕಿತ್ತಳೆ, ಹಸಿರು, ಕೆಂಪು, ಮತ್ತೆ ಕಿತ್ತಳೆ. ಬಿಸಿಲು ಇಳಿಯುತ್ತಿದ್ದಂತೆ ಅವುಗಳ ಮೂಲಕ ಹಾದು ಎದುರಿನ ಸುಣ್ಣದ ಗೋಡೆಯ ಮೇಲೆ ಬೀಳುತ್ತಿತ್ತು. ಹೊರಗೆ ರಸ್ತೆಯಲ್ಲಿ ಲಾರಿ ಹೋದರೆ ಬಾಟಲಿಯೊಳಗಿನ ನೀರು ಅಲುಗಿ ಗೋಡೆಯೂ ಅಲುಗುತ್ತಿತ್ತು.

ಅಪ್ಪ ಕೂಲ್ ಡ್ರಿಂಕ್ಸ್ ಕಂಪನಿಯ ವ್ಯಾನ್ ಓಡಿಸುತ್ತಿದ್ದ. ಲೇಬಲ್ ಹರಿದದ್ದು, ಮುಚ್ಚಳ ಸೊಟ್ಟಗಾದದ್ದು, ಡಬ್ಬಿ ನೆಗ್ಗಿದ್ದು, ಇವನ್ನು ಅಂಗಡಿಯವರು ತೆಗೆದುಕೊಳ್ಳುತ್ತಿರಲಿಲ್ಲ. ಗೋಡೌನಿನವರಿಗೂ ಬೇಕಿರಲಿಲ್ಲ. ಡ್ರೈವರುಗಳು ಮನೆಗೆ ಒಯ್ಯುತ್ತಿದ್ದರು. ಬೇರೆ ಅಪ್ಪಂದಿರು ಸಂಜೆ ಬರಿಗೈಯಲ್ಲಿ ಬರುವಾಗ ಈ ಅಪ್ಪ ಎರಡು ಕಂಕುಳಲ್ಲೂ ಬಾಟಲಿ ಇರುಕಿಕೊಂಡು ಬರುತ್ತಿದ್ದ. ಕಾಲಿನಿಂದ ಬಾಗಿಲು ತಳ್ಳುತ್ತಿದ್ದ. ಅವನ ಕೆಲಸದಲ್ಲಿ ಅವನಿಗೆ ಸಂತೋಷ ಕೊಡುತ್ತಿದ್ದದ್ದು ಅದೊಂದೇ.

ಅಮ್ಮ ಮನೆಯಲ್ಲೇ ಹೊಲಿಯುತ್ತಿದ್ದಳು. ಆ ರಜೆಯಲ್ಲಿ ಅವಳಿಗೆ ದೊಡ್ಡ ಕೆಲಸ ಸಿಕ್ಕಿತ್ತು, ಒಂದು ಸಭಾಂಗಣದ ಪರದೆಗಳು. ಗಾಢ ನೀಲಿ ಮಖಮಲ್ಲು, ಕೋಣೆ ತುಂಬ. ಮಿಷನ್ನಿನ ಕೆಲಸ ಅಮ್ಮನದು, ಅಂಚು ಮಡಿಸಿ ಕೈಯಿಂದ ಹೊಲಿಯುವುದು ಮಗಳದು. ಮಗಳಿಗೆ ಹದಿನಾರು. ಸಣ್ಣಗೆ ಉದ್ದಕ್ಕೆ ಇದ್ದಳೆಂದು ಮನೆಯಲ್ಲಿ ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಅವಳ ತಮ್ಮ ಹದಿಮೂರರವನು, ಕೂತಲ್ಲಿ ಕೂರದವನು. ಅವನು ಬುಗುರಿ.

ಬುಗುರಿ ಬಾಟಲಿ ಸಿಕ್ಕರೆ ಕತ್ತೆತ್ತಿ ಗಟಗಟ ಇಳಿಸಿ, ತೇಗಿ, ಓಡಿಬಿಡುತ್ತಿದ್ದ. ಸೂಜಿ ಹಾಗಲ್ಲ. ಒಂದು ಲೋಟಕ್ಕೆ ಬಗ್ಗಿಸಿಕೊಂಡು ಪಕ್ಕದಲ್ಲಿಟ್ಟು, ಇಡೀ ಮಧ್ಯಾಹ್ನ ಅದನ್ನೇ ಕುಡಿಯುತ್ತಿದ್ದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡರೆ ನುಂಗುತ್ತಿರಲಿಲ್ಲ. ಮುಂದಿನ ಹಲ್ಲುಗಳ ಹಿಂದೆ ಅದನ್ನು ಹಿಡಿದಿಟ್ಟು, ಗುಳ್ಳೆಗಳು ಒಂದೊಂದಾಗಿ ಒಡೆಯುವುದನ್ನು ನಾಲಿಗೆಯಿಂದ ಕೇಳುತ್ತ, ಗೋಡೆ ನೋಡುತ್ತ ಕೂರುತ್ತಿದ್ದಳು. ಮಡಿಲಲ್ಲಿ ನೀಲಿ ಬಟ್ಟೆ, ಗೋಡೆಯ ಮೇಲೆ ಕಿತ್ತಳೆ ಬೆಳಕು. ಮಿಷನ್ನಿನ ಸದ್ದು ದೂರದ ರೈಲಿನಂತೆ. ಆಗ ಅವಳಿಗೆ ತಾನು ನೀರಿನೊಳಗೆ ಕುಳಿತಿದ್ದೇನೆ ಅನಿಸುತ್ತಿತ್ತು.

"ಬಾಯಲ್ಲೇನು ಮುತ್ತು ಇಟ್ಕೊಂಡಿದ್ದೀಯಾ?" ಎಂದು ಅಮ್ಮ ಕೇಳುತ್ತಿದ್ದಳು. "ಮಾತಾಡಿಸಿದ್ರೆ ಬರೀ ಹೂಂ ಹೂಂ ಅಂತೀಯ."

"ಹೂಂ" ಎನ್ನುತ್ತಿದ್ದಳು ಸೂಜಿ.

ಲೋಟ ಖಾಲಿಯಾದ ಸದ್ದು ಹೇಗೋ ಅಜ್ಜಿಗೆ ಗೊತ್ತಾಗುತ್ತಿತ್ತು. ಒಳಗಿನಿಂದ 'ಕಟಕ್' ಎಂದು ಕೇಳಿಸಿದರೆ ಅಜ್ಜಿ ಹಲ್ಲು ಹಾಕಿಕೊಂಡಳು ಎಂದರ್ಥ. ಅಪ್ಪನ ಅಮ್ಮ ಅವಳು. ಕಟ್ಟಿಸಿದ ಹಲ್ಲು ಊಟಕ್ಕೆ ಒತ್ತುತ್ತದೆಂದು ತೆಗೆದಿಟ್ಟು, ಅನ್ನವನ್ನು ಕಲಸಿ ನುಂಗುತ್ತಿದ್ದಳು. ಬೈಯುವುದಕ್ಕೆ ಮಾತ್ರ ಹಾಕಿಕೊಳ್ಳುತ್ತಿದ್ದಳು. "ಊಟಕ್ಕೆ ಹಲ್ಲಿಲ್ಲದಿದ್ರೂ ನಡೆಯುತ್ತೆ. ಬೈಯೋಕೆ ಬೇಕು" ಎಂಬುದು ಅವಳ ವಾದ.

"ಕುಡಿದಾಯ್ತಾ? ಏಳು. ಉಜ್ಜು."

ಇದು ಆ ಮನೆಯ ಕಾನೂನು. ಕೆಲವು ವರ್ಷಗಳ ಹಿಂದೆ ಬಾಟಲಿಗಳ ವಿಷಯಕ್ಕೆ ಅಪ್ಪ ಅಮ್ಮನ ನಡುವೆ ಜಗಳವಾಗಿತ್ತು. ಮಕ್ಕಳ ಹಲ್ಲು ಹಾಳಾಗುತ್ತೆ ಅಂತ ಅಮ್ಮ. ಇಡೀ ಊರಿಗೆ ಹಂಚುವವನು ನನ್ನ ಮಕ್ಕಳಿಗೆ ಕೊಡಬಾರದಾ ಅಂತ ಅಪ್ಪ. ಆಗ ಅಜ್ಜಿ ಹಲ್ಲು ಹಾಕಿಕೊಂಡು ಬಂದು ತೀರ್ಪು ಕೊಟ್ಟಿದ್ದಳು: "ಕುಡೀಲಿ. ಆದ್ರೆ ಕುಡಿದ ತಕ್ಷಣ ಉಜ್ಜಲಿ. ನಾನು ನಿಂತು ಉಜ್ಜಿಸ್ತೀನಿ." ಅಪ್ಪನೂ ಗೆದ್ದ, ಅಮ್ಮನೂ ಗೆದ್ದಳು. ಅಜ್ಜಿಗೆ ಒಂದು ಹುದ್ದೆ ಸಿಕ್ಕಿತು.

ಅಂದಿನಿಂದ ಬಚ್ಚಲುಮನೆಯ ಬಾಗಿಲಲ್ಲಿ ಅಜ್ಜಿ. ಬುಗುರಿ ಒಳಗೆ ಹೋಗಿ ಬ್ರಷ್ಷು ಒದ್ದೆ ಮಾಡಿ, ಬೆರಳಿನಿಂದ ಪೇಸ್ಟನ್ನು ತುಟಿಗೆ ಸವರಿಕೊಂಡು ಹೊರಗೆ ಬರುತ್ತಿದ್ದ. ಸೂಜಿ ನಿಜವಾಗಿ ಉಜ್ಜುತ್ತಿದ್ದಳು. ಗಟ್ಟಿ ಬ್ರಷ್ಷು, ಮೇಲಕ್ಕೆ ಕೆಳಕ್ಕೆ, ಅಡ್ಡಕ್ಕೆ, ಹೊರಗೆ ಅಜ್ಜಿ ಸಾಕು ಎನ್ನುವವರೆಗೆ.

ಸೂಜಿ ದಾರವನ್ನು ಹಲ್ಲಿನಿಂದ ಕಚ್ಚುತ್ತಿದ್ದಳು. ಕಲಿತದ್ದು ಅಮ್ಮನಿಂದ. ಕತ್ತರಿ ಬಟ್ಟೆಯ ಕೆಳಗೆ ಎಲ್ಲೋ ಇರುತ್ತದೆ, ಹುಡುಕುವಷ್ಟರಲ್ಲಿ ಇನ್ನೊಂದು ಗೇಣು ಹೊಲಿಯಬಹುದು. ಗಂಟು ಹಾಕಿ, ಬಗ್ಗಿ, ಮುಂದಿನ ಎರಡು ಹಲ್ಲಿನ ನಡುವೆ ದಾರ ಸಿಕ್ಕಿಸಿ, ಟಕ್.

ಒಂದು ಮಧ್ಯಾಹ್ನ ಟಕ್ ಎನ್ನುವ ಬದಲು ಬೇರೆ ಸದ್ದು ಬಂತು. ತೀರ ಸಣ್ಣ ಸದ್ದು. ನೀಲಿ ಮಖಮಲ್ಲಿನ ಮೇಲೆ ಏನೋ ಬಿಳಿಯದು ಬಿದ್ದಿತ್ತು, ಅಕ್ಕಿಯ ನುಚ್ಚಿನಷ್ಟು. ಮಣಿ ಇರಬೇಕೆಂದುಕೊಂಡು ಬೆರಳಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದಳು. ಅದರೊಳಗೂ ಕಿತ್ತಳೆ ಬಣ್ಣ ಹಾದುಹೋಯಿತು. ಚೆನ್ನಾಗಿದೆ ಅನಿಸಿತು ಅವಳಿಗೆ. ಆಮೇಲೆ ನಾಲಿಗೆ ತನ್ನಷ್ಟಕ್ಕೆ ಮುಂದಿನ ಹಲ್ಲಿನ ತುದಿಗೆ ಹೋಯಿತು. ಅಲ್ಲಿ ಒಂದು ಮೂಲೆ ಇರಲಿಲ್ಲ.

"ಅಮ್ಮ."

ಮಿಷನ್ನು ನಿಲ್ಲಲಿಲ್ಲ.

"ಅಮ್ಮ, ಹಲ್ಲು."

ಮಿಷನ್ನು ನಿಂತಿತು.

ಅಮ್ಮ ಅವಳ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. "ತಣ್ಣಗಿದ್ದದ್ದು ಕುಡಿದ್ರೆ ಜುಮ್ ಅನ್ನುತ್ತಾ?"

"ಹೂಂ."

"ಯಾವಾಗಿಂದ?"

"ಪರೀಕ್ಷೆಗೂ ಮುಂಚಿನಿಂದ. ಅದಕ್ಕೇ ಫ್ರಿಜ್ಜಿನದು ಕುಡಿಯಲ್ಲ."

"ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಿಲ್ಲಿಸ್ತಿದ್ದೆ ನೀನು."

ರಾತ್ರಿ ಊಟಕ್ಕೆ ಮೊಟ್ಟೆ ಪಲ್ಯ ಇತ್ತು. ಯಾರೂ ಸರಿಯಾಗಿ ತಿನ್ನಲಿಲ್ಲ.

"ನಿಮ್ಮ ಬಾಟಲಿ ಕೆಲಸ ನೋಡಿ" ಎಂದಳು ಅಮ್ಮ, ಅಪ್ಪನಿಗೆ.

"ನೀನು ದಾರ ಕಚ್ಚೋದು ಕಲಿಸಿದ್ದು ನೋಡು" ಎಂದ ಅಪ್ಪ. "ಹಲ್ಲೇನು ಕತ್ತರೀನಾ?"

"ನಾನೂ ಇಪ್ಪತ್ತು ವರ್ಷದಿಂದ ಕಚ್ತಾ ಇದ್ದೀನಿ ಕಣ್ರೀ. ನನ್ನದು ಉದುರಿತಾ?"

"ಕುಡಿಯೋದ್ರಿಂದ ಆಗಿರಲ್ಲ" ಎಂದಳು ಅಜ್ಜಿ. ಬಾಯಲ್ಲಿ ಹಲ್ಲಿರಲಿಲ್ಲ, ಮಾತು ಗಾಳಿಯಾಗಿ ಬಂತು. "ಪ್ರತಿ ಸಲ ಉಜ್ಜಿಸಿದ್ದೀನಿ ನಾನು. ಒಂದು ಸಲ ಬಿಟ್ಟಿಲ್ಲ."

ಬುಗುರಿ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ.

ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದು ಅಪ್ಪನ ವ್ಯಾನಿನಲ್ಲೇ. ವ್ಯಾನಿನ ಎರಡೂ ಪಕ್ಕದಲ್ಲಿ ಆಳೆತ್ತರದ ಕಿತ್ತಳೆ ಹಣ್ಣಿನ ಚಿತ್ರ, ಸೀಳಿದ್ದು, ಹನಿ ಚಿಮ್ಮುತ್ತಿದ್ದದ್ದು. ಅಪ್ಪ ಅದನ್ನು ಕ್ಲಿನಿಕ್ಕಿನ ಬಾಗಿಲಿಗೇ ನಿಲ್ಲಿಸಿ ಒಳಗೆ ಬರದೆ ಸ್ಟಿಯರಿಂಗ್ ಹಿಡಿದು ಕೂತ. ಅಮ್ಮ ಬುಗುರಿಯನ್ನೂ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಗಿಡ್ಡಗಿದ್ದಳು, ಕಾಲಡಿಗೆ ಒಂದು ಮಣೆ ಹಾಕಿಕೊಂಡಿದ್ದಳು. ಸೂಜಿಯನ್ನು ಒರಗಿಸಿ, ದೀಪ ಎಳೆದು, ಕೈಗನ್ನಡಿ ಕೊಟ್ಟಳು.

"ನೀನೇ ನೋಡು. ತುದಿಯಲ್ಲಿ ಬೆಳಕು ಆಚೆ ಹೋಗ್ತಿದೆ, ಕಾಣಿಸ್ತಾ? ಹಲ್ಲಲ್ಲಿ ಹಾಗೆ ಬೆಳಕು ಹಾಯಬಾರದು. ತೆಳುವಾಗಿದೆ. ಏನು ಕುಡಿತೀಯ?"

ಸೂಜಿ ಹೇಳಿದಳು. ಹೇಗೆ ಕುಡಿಯುತ್ತಾಳೆ ಅಂತಲೂ ಹೇಳಿದಳು, ಬಾಯಲ್ಲಿ ಹಿಡಿದಿಡುವುದನ್ನು.

"ಒಂದು ಲೋಟ ಇಡೀ ಮಧ್ಯಾಹ್ನ?"

"ಹೂಂ."

"ಹುಳಿ ನೀರಲ್ಲಿ ಹಲ್ಲು ನೆನೆ ಹಾಕಿದ ಹಾಗಾಯ್ತು. ಆಮೇಲೆ?"

"ಆಮೇಲೆ ಉಜ್ತೀನಿ."

"ಯಾವಾಗ?"

"ಕುಡಿದ ತಕ್ಷಣ."

"ನಮ್ಮತ್ತೆ ಬಿಡೋದೇ ಇಲ್ಲ ಡಾಕ್ಟ್ರೇ" ಎಂದಳು ಅಮ್ಮ. ಅಲ್ಲಿ ಹೇಳಿಕೊಳ್ಳಲು ಆ ಮನೆಗೆ ಇದ್ದದ್ದು ಅದೊಂದೇ ಒಳ್ಳೆಯ ಸಂಗತಿ. "ನಿಂತು ಉಜ್ಜಿಸ್ತಾರೆ."

ಡಾಕ್ಟರಮ್ಮ ದೀಪವನ್ನು ಪಕ್ಕಕ್ಕೆ ಸರಿಸಿದಳು. "ಹುಳಿ ತಾಗಿದಾಗ ಹಲ್ಲಿನ ಮೇಲಿನ ಪದರ ಸ್ವಲ್ಪ ಹೊತ್ತು ಮೆತ್ತಗಾಗುತ್ತೆ. ಸುಮ್ಮನೆ ಬಿಟ್ರೆ ಬಾಯಲ್ಲಿರೋ ಎಂಜಲೇ ಅದನ್ನ ಸುಧಾರಿಸುತ್ತೆ. ನೀವು ಮೆತ್ತಗಿದ್ದಾಗಲೇ ಉಜ್ಜಿದ್ದೀರ. ಹಸಿ ಗಾರೆ ಮೇಲೆ ಪೊರಕೆ ಎಳೆದ್ರೆ ಗಾರೆ ನಿಲ್ಲುತ್ತಾ?"

ಅಮ್ಮ ಸೂಜಿಯ ಕೈಯಿಂದ ಕನ್ನಡಿ ತೆಗೆದು ಕೆಳಗಿಟ್ಟಳು.

"ಹೋದದ್ದು ಬರಲ್ಲ" ಎಂದಳು ಡಾಕ್ಟರಮ್ಮ. "ಮುರಿದ ಮೂಲೆಗೆ ನಾನು ತುಂಬಿ ಕೊಡ್ತೀನಿ. ಉಳಿದದ್ದನ್ನ ನೀವು ಉಳಿಸ್ಕೋಬೇಕು. ಬಾಟಲಿ ಬಿಡಿ. ನೀರು, ಹಾಲು, ಅಷ್ಟೇ. ಸಕ್ಕರೆ ಇಲ್ಲ ಅಂತ ಬರೆದಿರೋದೂ ಬೇಡ, ಅದ್ರಲ್ಲೂ ಹುಳಿ ಇರುತ್ತೆ. ಎಲ್ಲಾದ್ರೂ ಅಪ್ಪಿತಪ್ಪಿ ಕುಡಿದ್ರೆ ಊಟದ ಜೊತೆ, ಬೇಗ ಮುಗಿಸಿ. ನೀರಲ್ಲಿ ಬಾಯಿ ಮುಕ್ಕಳಿಸಿ. ಒಂದು ಗಂಟೆ ಬ್ರಷ್ಷು ಮುಟ್ಟಬೇಡಿ. ಮುಟ್ಟಿದಾಗ್ಲೂ ಮೆತ್ತಗಿನ ಬ್ರಷ್ಷು, ಮೆತ್ತಗಿನ ಕೈ."

"ನಾನು ಉಜ್ಜಲ್ಲ, ಅದಕ್ಕೇ ನನ್ನ ಮುಂದಿನ ಹಲ್ಲು ಚೆನ್ನಾಗಿದೆ" ಎಂದ ಬುಗುರಿ.

"ಬಾ ಇಲ್ಲಿ." ಡಾಕ್ಟರಮ್ಮ ಅವನ ಬಾಯೊಳಗೆ ಕನ್ನಡಿ ಹಾಕಿದಳು. "ಹಿಂದಿನ ದವಡೆ ಹಲ್ಲಲ್ಲಿ ಇರುವೆ ಸಂಸಾರ ಹೂಡುವಷ್ಟು ಜಾಗ ಇದೆ. ಅವಳನ್ನ ಹುಳಿ ಹಿಡಿದಿದೆ, ನಿನ್ನನ್ನ ಸಕ್ಕರೆ. ಬೆಳಿಗ್ಗೆ ಒಂದು ಸಲ, ಮಲಗೋ ಮುಂಚೆ ಒಂದು ಸಲ ಉಜ್ಜಲೇಬೇಕು. ಮುಂದಿನ ವಾರ ನೀನೂ ಬಾ." ಆಮೇಲೆ ಕಿಟಕಿಯಿಂದ ಹೊರಗೆ ನೋಡಿ ಕೇಳಿದಳು, "ಆ ವ್ಯಾನು ನಿಮ್ಮದಾ?"

"ನಮ್ಮಪ್ಪಂದು."

"ಸ್ವಲ್ಪ ಮುಂದೆ ನಿಲ್ಲಿಸೋಕೆ ಹೇಳಪ್ಪ. ವ್ಯಾಪಾರಕ್ಕೆ ನಾನೇ ಕರೆಸಿದ್ದೀನಿ ಅಂದ್ಕೋತಾರೆ ಜನ."

ಹಿಂದಿರುಗುವಾಗ ಮಕ್ಕಳಿಬ್ಬರೂ ಹಿಂದೆ ಕ್ರೇಟುಗಳ ನಡುವೆ ಕೂತಿದ್ದರು. ಬಾಟಲಿಗಳು ಕಿಣಿಕಿಣಿ ಎನ್ನುತ್ತಿದ್ದವು. ಮುಂದೆ ಅಮ್ಮ ಎಲ್ಲವನ್ನೂ ಹೇಳುತ್ತಿದ್ದಳು. ಅಪ್ಪ ಕೇಳುತ್ತ ಗೇರು ಬದಲಾಯಿಸುತ್ತಿದ್ದ.

"ಬಾಟಲಿ ನಿಲ್ಲಿಸ್ತೀನಿ" ಎಂದ ಕೊನೆಗೆ. "ಇವತ್ತಿಂದಾನೇ."

"ಅತ್ತೆಗೆ ಹೇಳ್ಬೇಕು. ಉಜ್ಜಿಸೋದೂ ನಿಲ್ಲಬೇಕು."

ಅಪ್ಪ ಮತ್ತೆ ಗೇರು ಬದಲಾಯಿಸಿದ. ಅವನು ಬುಗುರಿಯಷ್ಟಿದ್ದಾಗಲೇ ಅಜ್ಜಿಯ ಹಲ್ಲುಗಳೆಲ್ಲ ಹೋಗಿದ್ದವು. ಮನೆಯಲ್ಲಿ ಆ ಕಾಲದ ಒಂದೇ ಫೋಟೊ ಇತ್ತು, ಅದರಲ್ಲಿ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ತಿಂದ ಕೂಡಲೇ ಉಜ್ಜಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಯಾರೋ ಆಗ ಅವಳಿಗೆ ಹೇಳಿದ್ದರು. ಅಷ್ಟನ್ನು ಮಾತ್ರ ಅವಳು ಜೀವಮಾನವಿಡೀ ಹಿಡಿದುಕೊಂಡು ಬಂದಿದ್ದಳು.

"ಹೇಳಬೇಡಿ" ಎಂದಳು ಸೂಜಿ ಹಿಂದಿನಿಂದ. "ಬಾಟಲಿ ಬಿಟ್ರೆ ಆಯ್ತಲ್ಲ. ಕುಡಿಯದಿದ್ರೆ ಉಜ್ಜಿಸೋದೂ ಇರಲ್ಲ."

ಮೂವರಿಗೂ ಅದು ಸರಿ ಅನಿಸಿತು. ಬುಗುರಿಯಿಂದಲೂ ಆಣೆ ಹಾಕಿಸಿಕೊಂಡರು. ಅಜ್ಜಿಗೆ ಹೇಳಿದ್ದು ಇಷ್ಟೇ: ಬಾಟಲಿ ಪಾನೀಯ ಕೆಟ್ಟದ್ದು, ಬಿಡಬೇಕಂತೆ.

"ಬಿಡಲಿ" ಎಂದಳು ಅಜ್ಜಿ. "ಫ್ಯಾಕ್ಟರಿ ನೀರು, ಅದ್ರಲ್ಲೇನಿದೆ? ನಾನು ಮನೇಲೇ ಮಾಡಿಕೊಡ್ತೀನಿ."

ಮರುದಿನ ಮಧ್ಯಾಹ್ನ, ಗೋಡೆಗೆ ಬಣ್ಣ ಬರುವ ಹೊತ್ತಿಗೆ, ಅಜ್ಜಿ ಲೋಟ ತಂದು ಸೂಜಿಯ ಪಕ್ಕದಲ್ಲಿಟ್ಟಳು. ನಿಂಬೆಹಣ್ಣಿನ ಪಾನಕ. ಎರಡು ಹಣ್ಣು ಹಿಂಡಿದ್ದಳು, ಸಕ್ಕರೆ ಧಾರಾಳ. ಮೇಲೆ ಬೀಜ ತೇಲುತ್ತಿತ್ತು.

"ಕುಡಿ. ಮನೇದು. ಹಲ್ಲಿಗೂ ಒಳ್ಳೇದು, ರಕ್ತಕ್ಕೂ ಒಳ್ಳೇದು."

ಸೂಜಿ ಅಮ್ಮನ ಮುಖ ನೋಡಿದಳು. ಅಮ್ಮ ಮಿಷನ್ನಿನ ಸೂಜಿಗೆ ದಾರ ಪೋಣಿಸುತ್ತ ತಲೆ ಎತ್ತಲಿಲ್ಲ. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ಎಲ್ಲವನ್ನೂ ಹೇಳಬೇಕು. ಸೂಜಿ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದಳು.

"ಹಾಂ. ಏಳು. ಉಜ್ಜು."

ಹೀಗೆ ಒಂದು ವಾರ ಹೋಯಿತು. ಡಾಕ್ಟರಮ್ಮ ಮೂಲೆ ತುಂಬಿಕೊಟ್ಟಳು, ಚೆನ್ನಾಗಿಯೇ ಕೂತಿತು. ಆದರೆ ಪಕ್ಕದ ಹಲ್ಲು ಈಗ ಗಾಳಿಗೂ ಜುಮ್ಮೆನ್ನುತ್ತಿತ್ತು. ಸೂಜಿ ಬಾಯಿ ಮುಚ್ಚಿಕೊಂಡು ಉಸಿರಾಡುವುದನ್ನು ಅಭ್ಯಾಸ ಮಾಡಿಕೊಂಡಳು. ಮಲಗಿದರೆ ಕನಸು. ಕನಸಿನಲ್ಲಿ ಅವಳು ನೀಲಿ ಪರದೆಯ ಅಂಚು ಹೊಲಿಯುತ್ತಿರುತ್ತಾಳೆ, ದಾರ ಕಚ್ಚಿದಾಗಲೆಲ್ಲ ಒಂದು ಮಣಿ ಬೀಳುತ್ತದೆ. ಮಣಿಗಳು ಬಟ್ಟೆಯ ಮೇಲೆ ನಕ್ಷತ್ರಗಳ ಹಾಗೆ ಹರಡಿ ಹೊಳೆಯುತ್ತವೆ. ಸಭಾಂಗಣದ ತುಂಬ ಜನ ಕೂತು ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಅವಳು ಉತ್ತರ ಹೇಳಲು ಹೋದರೆ ಬಾಯಿಂದ ಅಜ್ಜಿಯ ಗಾಳಿ ಮಾತು ಬರುತ್ತದೆ.

"ಅತ್ತೆಗೆ ನೀವು ಹೇಳ್ತೀರೋ ನಾನು ಹೇಳಲೋ?" ಅಮ್ಮ ಬಟ್ಟೆ ಹಿಂಡುತ್ತ ಅಪ್ಪನನ್ನು ಕೇಳಿದಳು.

"ನಾಳೆ ಹೇಳ್ತೀನಿ."

"ನಿಮ್ಮ ನಾಳೆಗೆ ಹಲ್ಲು ಕಾಯುತ್ತಾ?"

"ನೀನು ಹೇಳಿದ್ರೆ ಸೊಸೆ ಚುಚ್ಚಿದಳು ಅಂತಾಳೆ. ನಾನು ಹೇಳಿದ್ರೆ ಹೆಂಡತಿ ಹೇಳಿಸಿದಳು ಅಂತಾಳೆ."

"ಅಂದ್ರೆ ಅನ್ನಲಿ. ನನಗೇನು ಹೊಸದಾ?"

ಆದರೂ ಇಬ್ಬರೂ ಹೇಳಲಿಲ್ಲ.

ಸೂಜಿ ತಮ್ಮನನ್ನು ಹಿಡಿದಳು. "ನೀನು ಹೇಗೆ ಮಾಡ್ತೀಯ? ಉಜ್ಜದೆ?"

ಬುಗುರಿಯ ಹತ್ತಿರ ಹುಟ್ಟಿದಾಗಿನಿಂದ ಯಾರೂ ಪಾಠ ಹೇಳಿಸಿಕೊಂಡಿರಲಿಲ್ಲ. ಅವನು ಗಂಭೀರನಾದ. "ಮೊದಲು ನಲ್ಲಿ ಜೋರಾಗಿ ಬಿಡ್ಬೇಕು. ಬ್ರಷ್ಷು ಒದ್ದೆ ಮಾಡು. ಅವಳು ಹೆಬ್ಬೆರಳಲ್ಲಿ ಒತ್ತಿ ನೋಡ್ತಾಳೆ. ಪೇಸ್ಟು ಸ್ವಲ್ಪ ತುಟಿಗೆ, ಸ್ವಲ್ಪ ಮೋರಿಗೆ. ಬೇಗ ಬರಬಾರದು. ಮನಸ್ಸಲ್ಲಿ ಒಂದು ಹಾಡು ಹೇಳ್ಕೋ. ಹೊರಗೆ ಬಂದು ಹಾ ಅಂತ ಊದು."

"ಆಮೇಲೆ?"

"ಆಮೇಲೆ ಏನಿಲ್ಲ. ಮುಖ ನೋಡಿದ್ರೆ ಪಾಪ ಅನ್ನಿಸಬೇಕು. ನಿಂದು ಹಾಗೇ ಇದೆ."

ಆ ಮಧ್ಯಾಹ್ನ ಸೂಜಿ ಎಲ್ಲವನ್ನೂ ಅವನು ಹೇಳಿಕೊಟ್ಟಂತೆಯೇ ಮಾಡಿದಳು. ಬಾಯನ್ನು ಬರೀ ನೀರಿನಲ್ಲಿ ಮುಕ್ಕಳಿಸಿ, ತುಟಿಗೆ ಪೇಸ್ಟು ಸವರಿ ಹೊರಗೆ ಬಂದು ಊದಿದಳು. ಅಜ್ಜಿ ಬಾಗಿಲಲ್ಲೇ ಇದ್ದಳು. ಹಲ್ಲು ಹಾಕಿಕೊಂಡಿದ್ದಳು. ಬ್ರಷ್ಷನ್ನು ಮುಟ್ಟಿಯೂ ನೋಡಲಿಲ್ಲ.

"ನೀನೂ ಕಲಿತೆಯಾ?"

"ಏನಜ್ಜಿ?"

"ಸದ್ದು ಬರಲಿಲ್ಲ. ಅವನ ಸದ್ದು ಯಾವತ್ತೂ ಬರಲ್ಲ, ಅದು ನಂಗೆ ಮೊದಲಿಂದ ಗೊತ್ತು. ಗಂಡುಹುಡುಗ, ಎಷ್ಟು ಅಂತ ಬಡಕೊಳ್ಳಲಿ ಅಂತ ಸುಮ್ಮನಿದ್ದೆ. ನಿನ್ನ ಸದ್ದು ಕೇಳಿಸ್ತಿತ್ತು. ದಿನಾ ಇಲ್ಲಿ ನಿಂತು ನಾನು ಕೇಳ್ತಿದ್ದದ್ದು ಅದನ್ನೇ." ಅಜ್ಜಿಯ ದನಿ ಏರಲಿಲ್ಲ. "ಹಲ್ಲು ಮುರಿದ್ರೂ ಬುದ್ಧಿ ಬರಲಿಲ್ವಾ? ಒಳಗೆ ಹೋಗು. ಉಜ್ಜು."

ಸೂಜಿ ಹೋಗಲಿಲ್ಲ. ತುಟಿಯ ಮೇಲಿನ ಪೇಸ್ಟು ಒಣಗಿ ಬಿಗಿಯುತ್ತಿತ್ತು. ಅಜ್ಜಿಯ ಹಿಂದೆ, ಹೊಲಿಗೆ ಕೋಣೆಯ ತೆರೆದ ಬಾಗಿಲಾಚೆ, ಗೋಡೆಯ ಮೇಲೆ ಕಿತ್ತಳೆ ಬೆಳಕು ನಿಧಾನವಾಗಿ ಸರಿಯುತ್ತಿತ್ತು. ಒಂದು ಲಾರಿ ಹೋಯಿತು, ಬೆಳಕು ನಡುಗಿತು.

"ಉಜ್ಜಿದ್ದಕ್ಕೇ ಸವೆದಿದ್ದು ಅಜ್ಜಿ."

"ಏನಂದೆ?"

"ಹುಳಿ ಕುಡಿದ ತಕ್ಷಣ ಉಜ್ಜಬಾರದಂತೆ. ಮೆತ್ತಗಾಗಿರುತ್ತಂತೆ. ನಾನು ಬಾಯಲ್ಲಿ ಇಟ್ಕೊಂಡು ಕುಡಿದದ್ದೂ ತಪ್ಪು. ತಕ್ಷಣ ಉಜ್ಜಿದ್ದೂ ತಪ್ಪು. ಎರಡೂ ಸೇರಿ ಹೋಯ್ತಂತೆ. ಪಾನಕವೂ ಹುಳಿನೇ."

"ಯಾರು ಹೇಳಿದ್ದು?"

"ಡಾಕ್ಟ್ರು."

"ಯಾವತ್ತು?"

"ಹೋದ ದಿನಾನೇ."

ಅಜ್ಜಿ ಚೌಕಟ್ಟು ಹಿಡಿದುಕೊಂಡಳು. "ನಿಮ್ಮಪ್ಪಂಗೆ ಗೊತ್ತಾ?"

"ಹೂಂ."

"ನಿಮ್ಮಮ್ಮಂಗೆ?"

"ಹೂಂ."

"ಬುಗುರಿಗೂ?"

ಸೂಜಿ ತುಟಿಯ ಮೇಲಿನ ಪೇಸ್ಟನ್ನು ಒರೆಸಿಕೊಂಡಳು. ಅಜ್ಜಿ ತಲೆಯಾಡಿಸಿದಳು. ಒಳಗೆ ಹೋದಳು. ಕಟಕ್ ಎಂಬ ಸದ್ದು, ಆಮೇಲೆ ಲೋಟದ ನೀರಿಗೆ ಹಲ್ಲು ಬಿದ್ದ ಸದ್ದು.

ಅಂದಿನಿಂದ ಅವಳು ಹಲ್ಲು ಹಾಕಿಕೊಳ್ಳಲಿಲ್ಲ. ಹಲ್ಲಿಲ್ಲದ ಮೇಲೆ ಬೈಗುಳವಿಲ್ಲ. ಬೈಗುಳವಿಲ್ಲದ ಮನೆ ಬೇರೆ ಯಾರದೋ ಮನೆಯ ಹಾಗಿತ್ತು. ಅಜ್ಜಿ ಬೇಳೆ ಆರಿಸಿದಳು, ಬಟ್ಟೆ ಮಡಿಸಿದಳು, ತಟ್ಟೆ ಹಿಡಿದು ಗೋಡೆಗೆ ಮುಖ ಮಾಡಿ ಉಂಡಳು. ಬಚ್ಚಲಿನ ಬಾಗಿಲಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಬುಗುರಿ ಒಂದು ಸಂಜೆ ತಾನಾಗಿಯೇ ಸದ್ದು ಮಾಡಿ ಉಜ್ಜಿ, ಹೊರಗೆ ಬಂದು ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದ. ಯಾರೂ ಇರಲಿಲ್ಲ.

"ಅಮ್ಮ, ಬೈಯಾದ್ರೂ ಬೈಯಿ" ಎಂದ ಅಪ್ಪ.

ಅಜ್ಜಿ ಬೇಳೆಯಲ್ಲಿದ್ದ ಕಲ್ಲೊಂದನ್ನು ಎತ್ತಿ ಪಕ್ಕಕ್ಕಿಟ್ಟಳು.

ಅಪ್ಪ ಎದ್ದು ಕಿಟಕಿಯ ಹತ್ತಿರ ಹೋದ. ಹಲಗೆಯಿಂದ ಬಾಟಲಿಗಳನ್ನು ಇಳಿಸಿ ಒಂದೊಂದಾಗಿ ಹಿತ್ತಲಿನ ಮೋರಿಗೆ ಸುರಿಯತೊಡಗಿದ. ನೊರೆ ಎದ್ದು ಇಳಿದ ಜಾಗದಲ್ಲಿ ವರ್ಷಗಳ ಕಪ್ಪು ಕರೆ ಹೋಗಿ ಮೋರಿಯ ಕಲ್ಲು ಬೆಳ್ಳಗೆ ಕಾಣಿಸಿತು. ಅವನು ಕುಕ್ಕರಗಾಲಲ್ಲಿ ಕೂತು ಆ ಕಲ್ಲನ್ನೇ ನೋಡಿದ. ಬೆರಳಿನಿಂದ ಉಜ್ಜಿ ನೋಡಿದ.

"ನೋಡು ಬಾರೇ" ಎಂದು ಹೆಂಡತಿಯನ್ನು ಕರೆದ. "ಕಲ್ಲನ್ನೇ ತೊಳೆಯುತ್ತಲ್ಲೇ ಇದು."

ಅಮ್ಮ ಬಂದು ನೋಡಿದಳು. ಬೈಯಬೇಕೆಂದು ಬಂದವಳು ಬೈಯಲಿಲ್ಲ. "ಕೊಡಿ ಇತ್ತ" ಎಂದು ಅವನ ಜೊತೆ ಕೂತು ತಾನೂ ಸುರಿದಳು. ಸಂಜೆಯ ಹೊತ್ತಿಗೆ ಹಿತ್ತಲಿಗೆ ಊರಿನ ಇರುವೆಗಳೆಲ್ಲ ಬಂದಿದ್ದವು.

ಮಾರನೆಯ ಮಧ್ಯಾಹ್ನ ಗೋಡೆ ಬಿಳಿಯಾಗಿಯೇ ಇತ್ತು. ಸೂಜಿ ಅದನ್ನೇ ನೋಡುತ್ತ ಬಹಳ ಹೊತ್ತು ಹೊಲಿಯದೆ ಕೂತಳು. ಆಮೇಲೆ ಎದ್ದು, ಖಾಲಿ ಬಾಟಲಿಗಳಲ್ಲಿ ನಾಲ್ಕೈದನ್ನು ತೊಳೆದು, ನಲ್ಲಿಯ ನೀರು ತುಂಬಿ ದಂಡೆಯ ಮೇಲಿಟ್ಟಳು. ಬಣ್ಣವೇನೂ ಬರಲಿಲ್ಲ. ಬರೀ ಬೆಳಕಿನ ಬಳೆಗಳು ಗೋಡೆಯ ಮೇಲೆ ತೂಗಾಡಿದವು. ಪರವಾಗಿಲ್ಲ ಅನಿಸಿತು.

ಇನ್ನೊಂದು ವಾರ ಕಳೆದ ಮೇಲೆ ಅಜ್ಜಿ ಬೆಳಿಗ್ಗೆಯೇ ಚಪ್ಪಲಿ ಹಾಕಿಕೊಂಡು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಕರವಸ್ತ್ರದಲ್ಲಿ ಹಲ್ಲು ಕಟ್ಟಿಕೊಂಡಿದ್ದಳು.

"ಎಲ್ಲಿಗಮ್ಮ?" ಎಂದ ಅಪ್ಪ.

"ಹಲ್ಲು ಒತ್ತುತ್ತೆ. ಆ ಡಾಕ್ಟ್ರ ಹತ್ರ ಬಿಡು."

"ಎಷ್ಟೋ ವರ್ಷದಿಂದ ಒತ್ತುತ್ತಲ್ಲ?"

"ಇವತ್ತು ಜಾಸ್ತಿ ಒತ್ತುತ್ತೆ."

ಅಪ್ಪ ಈ ಸಲ ವ್ಯಾನನ್ನು ಸ್ವಲ್ಪ ಮುಂದೆ ನಿಲ್ಲಿಸಿದ. ಅಜ್ಜಿ ಒಬ್ಬಳೇ ಒಳಗೆ ಹೋದಳು. ಹೊರಗೆ ಬರಲು ಬಹಳ ಹೊತ್ತಾಯಿತು. ಏನು ಕೇಳಿದಳು, ಡಾಕ್ಟರಮ್ಮ ಏನು ಹೇಳಿದಳು, ದಾರಿಯಲ್ಲಿ ಅಪ್ಪನಿಗೆ ಒಂದು ಮಾತೂ ಹೇಳಲಿಲ್ಲ. ಹಲ್ಲು ಮಾತ್ರ ಬಾಯಲ್ಲಿತ್ತು.

ಅಂದು ಮಧ್ಯಾಹ್ನದ ಊಟಕ್ಕೆ ಅಮ್ಮ ಟೊಮೆಟೊ ಹಾಕಿ ಹುಳಿಹುಳಿಯಾಗಿ ಏನೋ ಮಾಡಿದ್ದಳು. ಉಂಡ ಮೇಲೆ ಸೂಜಿ ಅಭ್ಯಾಸಬಲದಿಂದ ಬಚ್ಚಲಿನ ಕಡೆ ನಡೆದಳು. ಬಾಗಿಲಿಗೆ ಅಡ್ಡಲಾಗಿ ಅಜ್ಜಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಎರಡು ಹೊಸ ಬ್ರಷ್ಷು, ಮೆತ್ತಗಿನವು. ಹೆಬ್ಬೆರಳಿನಿಂದ ಅವುಗಳ ಎಳೆಯನ್ನು ಸವರುತ್ತಿದ್ದಳು.

"ಎಲ್ಲಿಗೆ?"

ಸೂಜಿ ನಿಂತಳು.

"ಬಾಯಿ ಮುಕ್ಕಳಿಸಿದೆಯಾ?"

"ಹೂಂ."

"ಹೋಗು ಹಾಗಾದ್ರೆ, ಹೊಲಿ. ಹುಳಿ ಉಂಡ ಮೇಲೆ ಒಂದು ಗಂಟೆ ಯಾರೂ ಇದನ್ನ ಮುಟ್ಟೋ ಹಾಗಿಲ್ಲ. ಬಾಟಲಿ ಮನೆಯೊಳಗೆ ಬರೋ ಹಾಗಿಲ್ಲ, ಪಾನಕವೂ ಇಲ್ಲ. ಆ ಕಳ್ಳ ಎಲ್ಲಿ? ಅವನು ಮಾತ್ರ ಮಲಗೋ ಮುಂಚೆ ನನ್ನ ಎದುರಿಗೇ ಉಜ್ಜಬೇಕು. ಬಾಗಿಲು ತೆಗೆದಿಟ್ಟು." ಅಜ್ಜಿ ಸೂಜಿಯ ಮುಖ ನೋಡಲಿಲ್ಲ, ಬ್ರಷ್ಷನ್ನೇ ನೋಡುತ್ತಿದ್ದಳು. "ಉಜ್ಜೋದು ತಪ್ಪಲ್ಲವಂತೆ. ಅವಸರ ತಪ್ಪಂತೆ. ನಂಗೆ ಯಾರೂ ಹೇಳಿರಲಿಲ್ಲ."

"ಗೊತ್ತಜ್ಜಿ."

"ಗೊತ್ತಿದ್ದವರು ಹೇಳಬೇಕು. ಹಲ್ಲು ನಿನ್ನದಲ್ವಾ? ನನ್ನ ಮುಖ ಉಳಿಸೋಕೆ ನಿನ್ನ ಹಲ್ಲು ಕೊಡ್ತಾರಾ ಯಾರಾದ್ರೂ? ಮೂರ್ಖ ಮುಂಡೇದು."

ಹೊಲಿಗೆ ಕೋಣೆಯಿಂದ ಅಮ್ಮ ಕೇಳಿಸಿಕೊಂಡಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಒಂದು ಬೈಗುಳ ಬಿದ್ದಿತ್ತು. ಅವಳ ಕಾಲು ಮಿಷನ್ನಿನ ಮೇಲೆ ಸ್ವಲ್ಪ ಹಗುರಾಗಿ ಓಡಿತು.

ಸೂಜಿ ಬಂದು ತನ್ನ ಜಾಗದಲ್ಲಿ ಕೂತಳು. ಕೊನೆಯ ಪರದೆ, ಕೊನೆಯ ಅಂಚು. ಅಜ್ಜಿ ಸ್ಟೂಲನ್ನು ಎಳೆದುಕೊಂಡು ಬಂದು ಅವಳ ಎದುರಿಗೇ ಕೂತಳು, ಬ್ರಷ್ಷುಗಳನ್ನು ಮುಷ್ಟಿಯಲ್ಲಿ ಹಿಡಿದು, ಅವಳೆಲ್ಲಿ ಕಸಿದುಕೊಂಡಾಳೋ ಎನ್ನುವ ಹಾಗೆ. ಬಿಸಿಲು ಕಿಟಕಿಗೆ ಬಂತು. ನೀರಿನ ಬಾಟಲಿಗಳಿಂದ ಬಳೆ ಬಳೆಯಾಗಿ ಬೆಳಕು ಎದ್ದು ಗೋಡೆಯ ಮೇಲೆ, ಮಖಮಲ್ಲಿನ ಮೇಲೆ, ಅಜ್ಜಿಯ ಕೆನ್ನೆಯ ಮೇಲೆ ತೇಲಿತು. ಮಿಷನ್ನು ದೂರದ ರೈಲಿನಂತೆ ಓಡಿ ನಿಂತಿತು. ಅಮ್ಮ ಎದ್ದು ಹಿತ್ತಲಿಗೆ ಹೋದಳು. ಅಜ್ಜಿಯ ಕತ್ತು ವಾಲಿತು, ಕಣ್ಣು ಮುಚ್ಚಿತು.

ಸೂಜಿ ಪಕ್ಕದ ಲೋಟದಿಂದ ನೀರು ಬಾಯಿಗೆ ಹಾಕಿಕೊಂಡಳು. ಮುಂದಿನ ಹಲ್ಲುಗಳ ಹಿಂದೆ ಹಿಡಿದಿಟ್ಟಳು. ಗುಳ್ಳೆಗಳಿರಲಿಲ್ಲ, ಕೇಳಲು ಏನೂ ಇರಲಿಲ್ಲ. ಹಲ್ಲು ಸ್ವಲ್ಪ ಜುಮ್ಮೆಂದು ಸುಮ್ಮನಾಯಿತು. ನುಂಗಿದಳು. ಹೊಲಿಗೆ ಮೂಲೆಗೆ ಬಂದಿತ್ತು. ಗಂಟು ಹಾಕಿ, ದಾರ ಬಿಗಿಹಿಡಿದು, ಬಟ್ಟೆಯನ್ನು ಬಾಯಿಯ ಹತ್ತಿರ ತಂದು ಬಗ್ಗಿದಳು.

"ಕತ್ತರಿ" ಎಂದಳು ಅಜ್ಜಿ, ಕಣ್ಣು ತೆರೆಯದೆ.